ಊರಿನ ಬಾವಿ ಅಳೆದು ಡಿಗ್ರಿ ಪ್ರಾಜೆಕ್ಟ್ ಮಾಡುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪರಿಸರ ಅಧ್ಯಯನದ ಪ್ರಾಜೆಕ್ಟ್‌ಗೆ ನಮ್ಮ ಭಾಗದ ವಿದ್ಯಾರ್ಥಿಗಳು ನೀರಿನ ವಿಷಯವನ್ನೇ ಜಾಸ್ತಿ ಆರಿಸುತ್ತಾರೆ. ಆರಿಸಿದ ಮೇಲೆ ಎಡವುವ ಜಾಗವೂ ಹೆಚ್ಚುಕಡಿಮೆ ಒಂದೇ. "ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ" ಅಂತ ದೊಡ್ಡ ಹೆಸರು ಇಟ್ಟು, ನೆಟ್‌ನಲ್ಲಿ ಸಿಕ್ಕಿದ್ದನ್ನು ಬರೆದು, ಕೊನೆಯ ವಾರದಲ್ಲಿ ಒಂದು ಬಾವಿಗೆ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ವೈವಾದಲ್ಲಿ "ಆ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿತ್ತು?" ಎಂದರೆ ಉತ್ತರ ಇರುವುದಿಲ್ಲ. ಅಳೆದವರದ್ದು ಬೇರೆ ತೊಂದರೆ. ಮೇ ತಿಂಗಳಲ್ಲಿ ಕಟ್ಟೆಯ ಮೇಲಿನಿಂದ, ನವೆಂಬರಿನಲ್ಲಿ ನೆಲದಿಂದ ಅಳೆದಿರುತ್ತಾರೆ. ಅಂಕಿ ಇದ್ದರೂ ಹೋಲಿಸಲು ಬರುವುದಿಲ್ಲ.

ಶ್ರಮ ಪಟ್ಟೂ ಕೆಲಸ ಕೆಡುವುದು ಕ್ರಮ ತಪ್ಪುವುದರಿಂದ. ಮೊದಲು ಪ್ರಶ್ನೆ, ಆಮೇಲೆ ಬಾವಿ, ಆಮೇಲೆ ಅಳತೆ, ಕೊನೆಗೆ ಬರಹ. ಇಲ್ಲಿ ಅದೇ ಕ್ರಮದಲ್ಲಿ ಹೇಳಿದ್ದೇನೆ. ಬಿ.ಎ., ಬಿ.ಕಾಂ. ಓದುವವರೂ ಮಾಡಬಹುದು. ಗುಣಿಸುವುದು, ಕಳೆಯುವುದು ಬಂದರೆ ಸಾಕು. ಇತಿಹಾಸ, ಸಮಾಜಶಾಸ್ತ್ರ ಓದುವವರಿಗೆ ಏಳನೇ ಹಂತದಲ್ಲಿ ಅನುಕೂಲ ಜಾಸ್ತಿ.

## 1. ಪ್ರಶ್ನೆಯನ್ನು ಒಂದು ಸಾಲಿಗೆ ಇಳಿಸಿ

"ಬೀದರ್ ಜಿಲ್ಲೆಯ ಅಂತರ್ಜಲ" ಎಂಬುದು ಪ್ರಶ್ನೆಯಲ್ಲ. ಒಬ್ಬರು ವಿದ್ಯಾರ್ಥಿ ಜಿಲ್ಲೆಯನ್ನು ಅಳೆಯಲು ಆಗುವುದೂ ಇಲ್ಲ. ಒಂದು ಊರು, ಒಂದು ಹಳ್ಳ, ಎಂಟು-ಹತ್ತು ಬಾವಿ ಸಾಕು.

ಒಳ್ಳೆಯ ಪ್ರಶ್ನೆ ಹೀಗಿರುತ್ತದೆ: "ನಮ್ಮ ಹಳ್ಳದ ಚೆಕ್ ಡ್ಯಾಮ್ ಹತ್ತಿರದ ಬಾವಿಗಳಲ್ಲಿ ಮಳೆಗಾಲದಲ್ಲಿ ನೀರು ದೂರದ ಬಾವಿಗಳಿಗಿಂತ ಜಾಸ್ತಿ ಏರುತ್ತದೆಯೇ?" ಅಥವಾ "ಕಬ್ಬಿನ ಹೊಲದ ಬಾವಿ, ತೊಗರಿ ಹೊಲದ ಬಾವಿ, ಯಾವುದು ಬೇಗ ಇಳಿಯುತ್ತದೆ?"

ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಅದಕ್ಕೆ "ಇಲ್ಲ" ಎಂಬ ಉತ್ತರವೂ ಬರಬಹುದಾ? ಬರಬಹುದಾದರೆ ಮುಂದೆ ಹೋಗಿ. "ನೀರು ಉಳಿಸುವುದು ಒಳ್ಳೆಯದೇ?" ಎಂಬಂಥದ್ದಕ್ಕೆ ಅಳತೆಯೇ ಬೇಡ, ಅಲ್ವಾ?

## 2. ಬಾವಿಗಿಂತ ಮೊದಲು ಕ್ಯಾಲೆಂಡರ್ ನೋಡಿ

ಬಾವಿಯ ನೀರು ಅತಿ ಕೆಳಗೆ ಇರುವುದು ಮೇ ಕೊನೆಗೆ, ಮುಂಗಾರು ಬರುವ ಮುಂಚೆ. ಮಳೆಗಾಲ ಮುಗಿದ ಮೇಲೆ, ನವೆಂಬರಿನ ಹೊತ್ತಿಗೆ, ಏರಿದ್ದು ಪೂರ್ತಿ ಕಾಣುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯೂ ತನ್ನ ಬಾವಿಗಳನ್ನು ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ನಿಮಗೆ ಮೇ ಮತ್ತು ನವೆಂಬರ್ ಕಡ್ಡಾಯ. ನಡುವೆ ತಿಂಗಳಿಗೊಮ್ಮೆ ಅಳೆದರೆ ಇನ್ನೂ ಚೆನ್ನ.

ಕೈಯಲ್ಲಿ ಒಂದೇ ಸೆಮಿಸ್ಟರ್ ಇದ್ದರೆ ಪ್ರಶ್ನೆಯನ್ನೇ ಬದಲಿಸಿ. ಫೆಬ್ರವರಿಯಿಂದ ಮೇ ತನಕ ಸಿಗುವುದು ಇಳಿತ ಮಾತ್ರ. "ಯಾವ ಬಾವಿ ಎಷ್ಟು ಬೇಗ ಇಳಿಯುತ್ತದೆ" ಎಂಬುದೂ ಪೂರ್ಣ ಪ್ರಾಜೆಕ್ಟೇ. ಆದರೆ ಇಳಿತ ಅಳೆದು ಇಂಗಿದ ನೀರಿನ ಬಗ್ಗೆ ತೀರ್ಮಾನ ಬರೆಯಬೇಡಿ.

## 3. ನೆಲದ ಕಲ್ಲು ನೋಡಿ ಬಾವಿ ಆರಿಸಿ

ಹೆಚ್ಚಿನ ಪ್ರಾಜೆಕ್ಟುಗಳು ಕೆಡುವುದು ಇಲ್ಲೇ. ಎರಡು ಬಾವಿ ಹೋಲಿಸಬೇಕೆಂದರೆ ಎರಡೂ ಒಂದೇ ಥರದ ನೆಲದಲ್ಲಿ ಇರಬೇಕು. ನಮ್ಮ ಮೂರು ಜಿಲ್ಲೆಗಳಲ್ಲಿ ಕಲ್ಲು ಬಹಳ ಬೇಗ ಬದಲಾಗುತ್ತದೆ.

ಬೀದರ್ ಪಟ್ಟಣ ಮತ್ತು ಅದರ ಸುತ್ತಲಿನ ಎತ್ತರದ ಬಯಲು ಕೆಂಪು ಜಂಬಿಟ್ಟಿಗೆ ಕಲ್ಲಿನದು. ಕೆಳಗೆ ಕಪ್ಪು ಬಸಾಲ್ಟ್ ಇದೆ. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ನೀರು ಸರಾಗ ಇಳಿಯುತ್ತದೆ. ಕೆಳಗಿನ ಬಿಗಿ ಪದರ ತಡೆದಾಗ ಅಡ್ಡ ಹರಿದು ಬಯಲಿನ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ ಎಲ್ಲ ಈ ನೀರೇ. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಕೂಡ ಇದೇ ಹರಿವನ್ನು ಹಿಡಿದು ಊರ ಕಡೆ ತರುವ ವ್ಯವಸ್ಥೆ. ಹಾಗಾಗಿ ಅಂಚಿನ ಬಾವಿಯನ್ನು ಬಯಲಿನ ನಡುವಿನ ಬಾವಿಯ ಜೊತೆ ಹೋಲಿಸಬೇಡಿ.

ಕಲಬುರಗಿ, ಆಳಂದ, ಅಫಜಲಪುರ ಕಡೆ ಬಸಾಲ್ಟ್ ಮೇಲೆ ಎರೆ ಭೂಮಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ಸೀದಾ ಕೆಳಗೆ ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಮಳೆ ನೀರು ಹೆಚ್ಚಾಗಿ ಮೇಲೆಯೇ ಹರಿದು ಹೋಗುತ್ತದೆ. ಬಸಾಲ್ಟ್ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ತೆಳು ಪಟ್ಟಿ ಇರುತ್ತದೆ, ಅದು ನೀರನ್ನು ತಡೆಯುತ್ತದೆ. ಹಳೆಯ ಬಾವಿಯ ಗೋಡೆಯಲ್ಲಿ ಈ ಪಟ್ಟಿ ಕಂಡರೆ ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳಿ. ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು. ಇಲ್ಲಿ ನೀರು ಇರುವುದು ಬಿರುಕು, ಪೊಳ್ಳುಗಳಲ್ಲಿ. ಒಂದು ಬಾವಿ ತುಂಬಿರುತ್ತದೆ, ಪಕ್ಕದ್ದು ಒಣಗಿರುತ್ತದೆ. ಇಲ್ಲಿ ಬಾವಿಗಳ ಸಂಖ್ಯೆ ಹೆಚ್ಚಿಸಿ. ಹಳೆಯ ಕಲ್ಲಿನ ಗಣಿಯಲ್ಲಿ ನಿಂತ ನೀರನ್ನು ಬಾವಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಯಾದಗಿರಿ ಜಿಲ್ಲೆಯಲ್ಲಿ ಬಹಳ ಕಡೆ ಗ್ರಾನೈಟ್ ಥರದ ಕಲ್ಲು. ಆದರೆ ಸುರಪುರ, ಶಹಾಪುರ ಕಡೆ ಕಲ್ಲಿಗಿಂತ ಮೊದಲು ನಾರಾಯಣಪುರ ಎಡದಂಡೆ ಕಾಲುವೆಯನ್ನು ನೋಡಬೇಕು. ಕಾಲುವೆಗೆ ನೀರು ಬಿಟ್ಟಾಗ ಮಳೆ ಇಲ್ಲದಿದ್ದರೂ ಬಾವಿ ಏರುತ್ತದೆ. ಮಳೆ ನೀರು ಇಂಗುವುದನ್ನು ಅಳೆಯಬೇಕಿದ್ದರೆ ಕಾಲುವೆ ನೀರು ಬರದ ಊರು ಆರಿಸಿ. ಬೀದರ್ ಜಿಲ್ಲೆಯ ಕಾರಂಜಾ, ಕಲಬುರಗಿಯ ಬೆಣ್ಣೆತೊರಾ ಕಾಲುವೆಗಳಿಗೂ ಇದೇ ಮಾತು.

ಬಾವಿಗಳನ್ನು ಎರಡು ಗುಂಪು ಮಾಡಿ. ಚೆಕ್ ಡ್ಯಾಮ್ ಅಥವಾ ಕೃಷಿ ಹೊಂಡದ ಹತ್ತಿರದ ನಾಲ್ಕು, ದೂರದ ನಾಲ್ಕು. ಮೇಲೆ ಒಂದೆರಡು ಹೆಚ್ಚುವರಿ ಇರಲಿ, ಯಾಕೆಂದರೆ ನಡುವೆ ಒಂದು ಬಾವಿ ಮುಚ್ಚಬಹುದು, ಒಬ್ಬ ಮಾಲೀಕರು ಬೇಡ ಎನ್ನಬಹುದು. ಬಾವಿಯ ಜಾಗ, ಸರ್ವೆ ನಂಬರ್ ಗುರುತಿಸಲು ಭೂದಾಖಲೆ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ಆದರೆ ಫೋನ್ ತೋರಿಸುವ ಎತ್ತರದ ಅಂಕಿಯನ್ನು ನಂಬಬೇಡಿ. ಅದು ಹಲವು ಮೀಟರ್ ತಪ್ಪಿರಬಹುದು.

## 4. ಅನುಮತಿ

ವಿಭಾಗದ ಮುಖ್ಯಸ್ಥರ ಸಹಿ, ಕಾಲೇಜಿನ ಸೀಲ್ ಇರುವ ಒಂದು ಪುಟದ ಪತ್ರ ತೆಗೆದುಕೊಳ್ಳಿ. ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಒಂದು ಪ್ರತಿ ಕೊಡಿ. ಆಮೇಲೆ ಹೊಲದ ಮಾಲೀಕರನ್ನು ಕಂಡು ಮಾತಾಡಿ.

ಅಪರಿಚಿತರು ಟೇಪು ಹಿಡಿದು ಬಂದರೆ ರೈತರಿಗೆ ಸಂಶಯ ಬರುವುದು ಸಹಜ. ಪಂಪಿನ ಆರ್.ಆರ್. ನಂಬರ್, ಪಹಣಿ, ಸಾಲ ಇವುಗಳ ಬಗ್ಗೆ ಕೇಳಲೇ ಬೇಡಿ. ನಿಮ್ಮ ಪ್ರಶ್ನೆಗೆ ಅವು ಬೇಕಾಗುವುದೂ ಇಲ್ಲ. "ಕಾಕಾ, ಬಾವಿ ನೀರು ಅಳೀಲಿಕ್ಕ ಬಂದೇವ್ರಿ, ಕಾಲೇಜಿನ ಸಲುವಾಗಿ. ಅಳದಿದ್ದು ನಿಮಗೂ ಬರದು ಕೊಡ್ತೇವ್ರಿ" ಎಂದು ನೇರವಾಗಿ ಹೇಳಿ. ಹೇಳಿದಂತೆ ಕೊಡಿ.

## 5. ಬೇಕಾಗುವ ಸಾಮಾನು

- 30 ಮೀಟರಿನ ಫೈಬರ್ ಟೇಪು. ಗಾಳಿಗೆ ಹಾರುವ ಬಟ್ಟೆ ಟೇಪು ಬೇಡ.
- ಟೇಪಿನ ತುದಿಗೆ ಕಟ್ಟಲು ಒಂದು ದೊಡ್ಡ ಕಬ್ಬಿಣದ ನಟ್ಟು.
- ಆಯಿಲ್ ಪೇಂಟ್, ಸಣ್ಣ ಬ್ರಷ್.
- ಟಾರ್ಚ್, ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್. ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ.
- ಜೊತೆಗೆ ಒಬ್ಬರು. ಒಬ್ಬರೇ ಹೋಗಬೇಡಿ.

ಟಿ.ಡಿ.ಎಸ್. ಮೀಟರ್ ಇದ್ದರೆ ತೆಗೆದುಕೊಂಡು ಹೋಗಿ, ಇಲ್ಲದಿದ್ದರೂ ನಡೆಯುತ್ತದೆ. ಅದು ಕರಗಿದ ಲವಣದ ಒಟ್ಟು ಅಂದಾಜು ಮಾತ್ರ ಕೊಡುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000. ಆದರೆ ಫ್ಲೋರೈಡ್, ನೈಟ್ರೇಟ್ ಈ ಮೀಟರಿನಲ್ಲಿ ತಿಳಿಯುವುದಿಲ್ಲ. ಮೀಟರ್ 400 ತೋರಿಸಿತು ಅಂತ "ನೀರು ಶುದ್ಧ" ಎಂದು ಬರೆದರೆ ಅದು ತಪ್ಪಷ್ಟೇ ಅಲ್ಲ, ಆ ನೀರು ಕುಡಿಯುವವರಿಗೆ ಅಪಾಯ.

## 6. ಅಳತೆ

ಈ ಹಂತಕ್ಕೆ ಅವಸರ ಬೇಡ. ಇಡೀ ಪ್ರಾಜೆಕ್ಟ್ ನಿಂತಿರುವುದು ಇದರ ಮೇಲೆ.

ಗುರುತು ಹಾಕಿ. ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ಪೇಂಟಿನಿಂದ ಚಿಕ್ಕ ಬಾಣ ಬರೆಯಿರಿ. ಮಾಲೀಕರನ್ನು ಕೇಳಿಯೇ ಬರೆಯಿರಿ. ಪ್ರತಿ ಸಲ ಅಳತೆ ಅಲ್ಲಿಂದಲೇ. ಆ ಗುರುತು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಮೊದಲ ದಿನವೇ ಅಳೆದು ಬರೆದಿಡಿ.

ಹೊತ್ತು ಆರಿಸಿ. ಪಂಪು ಓಡುತ್ತಿರುವಾಗ, ಅಥವಾ ಈಗಷ್ಟೇ ನಿಂತಾಗ ಅಳೆದರೆ ಸಿಗುವುದು ಪಂಪು ಎಳೆದ ಮಟ್ಟ. ನೀರು ಮತ್ತೆ ತನ್ನ ಮಟ್ಟಕ್ಕೆ ಬರಲು ಗಂಟೆಗಳೇ ಬೇಕು. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೆ ಎಂದು ಮೊದಲೇ ಕೇಳಿ. ರಾತ್ರಿ ಪಾಳಿ ಇದ್ದರೆ ಬೆಳಗಿನ ಅಳತೆ ಕೆಡುತ್ತದೆ, ಆ ವಾರ ಬಿಟ್ಟು ಮುಂದಿನ ಪಾಳಿಗೆ ಹೋಗಿ. ಪಂಪು ಕೊನೆಗೆ ಯಾವಾಗ ನಿಂತಿತು ಎಂಬುದನ್ನು ಪ್ರತಿ ಅಳತೆಯ ಪಕ್ಕ ಬರೆಯಿರಿ.

ಟೇಪು ಬಿಡಿ. ನಟ್ಟು ನೀರಿಗೆ ತಾಗಿದಾಗ ಸಣ್ಣ ಸದ್ದು ಬರುತ್ತದೆ, ಅಲೆ ಏಳುತ್ತದೆ. ಸ್ವಲ್ಪ ಎತ್ತಿ ಮತ್ತೆ ತಾಗಿಸಿ ಓದಿ. ಟೇಪು ಗೋಡೆಗೆ ತಾಗಬಾರದು. ಮೂರು ಸಲ ಓದಿ. ಓದುಗಳ ನಡುವೆ 2 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ.

ನಟ್ಟಿನ ಉದ್ದ ಸೇರಿಸಿ. ಟೇಪಿನ ಸೊನ್ನೆಯಿಂದ ನಟ್ಟಿನ ತಳದವರೆಗಿನ ಉದ್ದವನ್ನು ಓದಿದ ಅಂಕಿಗೆ ಕೂಡಿಸಬೇಕು. ಬಹಳ ಜನ ಮರೆಯುವುದು ಇದನ್ನೇ.

ಲೆಕ್ಕ ಹೀಗೆ: ಟೇಪು 11.30 ಮೀಟರ್, ನಟ್ಟು 0.10, ಒಟ್ಟು 11.40. ಗುರುತಿನ ಎತ್ತರ 0.80 ಕಳೆದರೆ ನೆಲದಿಂದ 10.60 ಮೀಟರ್ ಕೆಳಗೆ ನೀರು. ಈ ಎಲ್ಲ ಅಂಕಿ ನೋಟ್‌ಬುಕ್ಕಿನಲ್ಲಿ ಇರಬೇಕು. ಉತ್ತರ ಮಾತ್ರ ಬರೆದಿಟ್ಟರೆ ಆಮೇಲೆ ತಪ್ಪು ಹುಡುಕಲು ಆಗುವುದಿಲ್ಲ.

ಬಾವಿ ಒಣಗಿದ್ದರೆ ಸೊನ್ನೆ ಬರೆಯಬೇಡಿ. ಸೊನ್ನೆ ಎಂದರೆ ನೀರು ನೆಲದ ಮಟ್ಟಕ್ಕೇ ಇದೆ ಎಂದರ್ಥ. ತಳದ ಆಳ ಅಳೆದು "14.20ಕ್ಕಿಂತ ಕೆಳಗೆ" ಎಂದು ಬರೆಯಿರಿ.

ಬೋರಿನಲ್ಲಿ ಟೇಪು ಬಿಡಬೇಡಿ. ಒಳಗಿನ ಪೈಪು, ಕೇಬಲ್‌ಗೆ ಸಿಕ್ಕಿಕೊಂಡರೆ ಟೇಪೂ ಹೋಗುತ್ತದೆ, ರೈತರ ಪಂಪಿಗೂ ತೊಂದರೆ. ಅದಕ್ಕೆ ಬೇರೆ ಉಪಕರಣ ಇದೆ. ಜಿಲ್ಲೆಯ ಅಂತರ್ಜಲ ಕಚೇರಿಯವರ ಹತ್ತಿರ ವಿಚಾರಿಸಿ. ಇಲ್ಲದಿದ್ದರೆ ತೆರೆದ ಬಾವಿಗಳಿಗಷ್ಟೇ ಸೀಮಿತವಾಗಿರಿ.

ಎಚ್ಚರದ ಮಾತು: ಬಾವಿಯೊಳಗೆ ಇಳಿಯಲೇ ಬೇಡಿ. ಹಳೆಯ ಬಾವಿಯ ತಳದಲ್ಲಿ ಆಮ್ಲಜನಕ ಇರದೆ ಪ್ರಾಣ ಹೋಗುತ್ತದೆ. ಒಬ್ಬರನ್ನು ಉಳಿಸಲು ಇಳಿದ ಇನ್ನೊಬ್ಬರೂ ಸಾಯುತ್ತಾರೆ. ಕಟ್ಟೆ ಇಲ್ಲದ ಬಾವಿ, ಅಂಚು ಕುಸಿದ ಬಾವಿಯನ್ನು ಪಟ್ಟಿಯಿಂದ ತೆಗೆಯಿರಿ. ಸುರಂಗ ಬಾವಿಯ ಗಾಳಿ ಕಿಂಡಿಗಳಿಗೂ ಇದು ಅನ್ವಯ. ಗೋಡೆಯಲ್ಲಿ ಹೆಜ್ಜೇನು ಕಂಡರೆ ಸದ್ದಿಲ್ಲದೆ ವಾಪಸು ಬನ್ನಿ.

## 7. ಜನರ ನೆನಪನ್ನೂ ಅಳತೆಯ ಜೊತೆ ಇಡಿ

ನಿಮ್ಮ ಟೇಪು ಹೇಳುವುದು ಈ ವರ್ಷದ್ದು ಮಾತ್ರ. ಮೂವತ್ತು-ನಲವತ್ತು ವರ್ಷದ ಮಾತು ಊರಿನ ಹಿರಿಯರ ಹತ್ತಿರ ಇದೆ. ಆದರೆ "1995ರಲ್ಲಿ ನೀರು ಎಷ್ಟು ಮೀಟರ್ ಇತ್ತು?" ಎಂದು ಕೇಳಿದರೆ ಯಾರಿಗೂ ಹೇಳಲು ಆಗುವುದಿಲ್ಲ. ಅವರು ನೋಡಿದ್ದು ಮೆಟ್ಟಿಲು, ಹಗ್ಗ. ಅದನ್ನೇ ಕೇಳಿ: "ಅಜ್ಜಾ, ಬ್ಯಾಸಿಗ್ಯಾಗ ಎಷ್ಟು ಮೆಟ್ಟಲ ಇಳದು ನೀರು ತುಂಬತಿದ್ರಿ?" ಆಮೇಲೆ ಮೆಟ್ಟಿಲ ಎತ್ತರ ಮೇಲಿನಿಂದಲೇ ಅಂದಾಜು ಮಾಡಿ ಗುಣಿಸಿ.

ವರ್ಷಕ್ಕೂ ಗುರುತು ಬೇಕು. 1972ರ ಬರ, ಸೆಪ್ಟೆಂಬರ್ 1993ರ ಕಿಲ್ಲಾರಿ ಭೂಕಂಪ, ಲಾತೂರಿಗೆ ರೈಲಿನಲ್ಲಿ ನೀರು ಹೋದ 2016ರ ಬೇಸಿಗೆ, ಅಕ್ಟೋಬರ್ 2020ರ ಭೀಮಾ ಪ್ರವಾಹ. "ಭೂಕಂಪ ಆದ ವರ್ಷ ಬಾವಿಯಾಗ ನೀರು ಇತ್ತೇನ್ರಿ?" ಎಂದರೆ ಉತ್ತರ ಥಟ್ಟನೆ ಬರುತ್ತದೆ. ಒಬ್ಬರ ಮಾತಿನ ಮೇಲೆ ನಿಲ್ಲಬೇಡಿ, ಬೇರೆ ಬೇರೆ ಓಣಿಯ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ. ನೀರು ಸೇದಿ ಹೊತ್ತವರು ಹೆಂಗಸರು. ಗಂಡಸರನ್ನಷ್ಟೇ ಕೇಳಿ ಬಂದರೆ ಅರ್ಧ ಮಾಹಿತಿ ಅಲ್ಲೇ ಉಳಿಯುತ್ತದೆ.

ಯಾವ ಬಾವಿಯ ನೀರನ್ನು ಯಾರು ಮುಟ್ಟುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಕೇಳಿ. ಇದು ಸೂಕ್ಷ್ಮ ವಿಷಯ. ನಾಲ್ಕು ಜನರ ಮುಂದೆ ಕೇಳಬೇಡಿ, ವರದಿಯಲ್ಲಿ ಹೆಸರು ಬರೆಯಬೇಡಿ. ಆದರೆ ಬಿಡಬೇಡಿ. ಒಂದು ಬಾವಿ ಹೂಳು ತುಂಬಿ ಹೋಗಿದ್ದಕ್ಕೂ ಇನ್ನೊಂದು ಚೆನ್ನಾಗಿ ಉಳಿದಿದ್ದಕ್ಕೂ ಕಾರಣ ಎಷ್ಟೋ ಸಲ ಇಲ್ಲೇ ಸಿಗುತ್ತದೆ. ಕಲ್ಲು, ಮಳೆ ನೋಡಿದರೆ ಇದು ತಿಳಿಯುವುದಿಲ್ಲ. ಕಲಾ ವಿಭಾಗದ ವಿದ್ಯಾರ್ಥಿ ಈ ಕೆಲಸಕ್ಕೆ ಬೇಕೇ ಬೇಕು ಎಂದು ನಾನು ಹೇಳುವುದು ಇದಕ್ಕೇ.

ಪ್ರತಿ ಬಾವಿಯ ಹೊಲದ ಬೆಳೆ, ಎಷ್ಟು ಎಕರೆಗೆ ನೀರು ಹಾಯಿಸುತ್ತಾರೆ ಎಂಬುದೂ ಬರೆದುಕೊಳ್ಳಿ. ಕಬ್ಬಿಗೂ ತೊಗರಿಗೂ ಬೇಕಾಗುವ ನೀರಿಗೆ ಅಜಗಜಾಂತರ.

## 8. ಲೆಕ್ಕ

ಮೊದಲು ಮಳೆಯ ಅಂಕಿ ತನ್ನಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಜಿಲ್ಲೆಯ ಸರಾಸರಿ ಬಳಸಬೇಡಿ. ನಮ್ಮ ಕಡೆ ಒಂದು ಊರಿಗೆ ಸುರಿದು ಪಕ್ಕದ ಊರು ಒಣಗಿರುವುದು ದಿನದ ಮಾತು.

ಈಗ ಉದಾಹರಣೆಗೆ ಒಂದು ಬಾವಿ. ಮೇ ತಿಂಗಳಲ್ಲಿ ನೀರು 10.60 ಮೀಟರ್ ಕೆಳಗೆ, ನವೆಂಬರಿನಲ್ಲಿ 6.10. ಏರಿಕೆ 4.50 ಮೀಟರ್. ಬಾವಿ ದುಂಡಾಗಿದ್ದು ಅಗಲ 6 ಮೀಟರ್ ಇದ್ದರೆ ಒಂದು ಮೀಟರ್ ಏರಿಕೆಗೆ ಸುಮಾರು 28,000 ಲೀಟರ್. ಒಟ್ಟು ಸುಮಾರು 1.27 ಲಕ್ಷ ಲೀಟರ್.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನೀರು ಏರಿದ್ದು ಬಾವಿಯಲ್ಲಿ ಮಾತ್ರವೇ? ಸುತ್ತಲಿನ ನೆಲದೊಳಗೂ ಏರಿದೆ. ಬಾವಿ ಅದನ್ನು ನೋಡಲು ಇರುವ ಕಿಟಕಿ ಅಷ್ಟೇ. ಕಲ್ಲಿನ ಸಂದುಗಳಲ್ಲಿ ನೀರಿಗೆ ಸಿಗುವ ಜಾಗ ಬಹಳ ಕಡಿಮೆ. ಶಿಥಿಲ ಬಸಾಲ್ಟ್‌ನಲ್ಲಿ ನೂರಕ್ಕೆ 1ರಿಂದ 3, ಜಂಬಿಟ್ಟಿಗೆಯಲ್ಲಿ 2ರಿಂದ 3 ಎಂದು ಅಂತರ್ಜಲ ಅಂದಾಜಿಗೆ ಹಿಡಿಯುತ್ತಾರೆ. 2 ಎಂದು ಇಟ್ಟುಕೊಳ್ಳಿ. 4.50 ಮೀಟರ್ ಅಂದರೆ 4500 ಮಿಲಿಮೀಟರ್, ಅದರಲ್ಲಿ ನೂರಕ್ಕೆ 2 ಅಂದರೆ 90 ಮಿಲಿಮೀಟರ್. ಆ ಮಳೆಗಾಲದಲ್ಲಿ 700 ಮಿಲಿಮೀಟರ್ ಮಳೆ ಆಗಿದ್ದರೆ ನೆಲಕ್ಕೆ ಇಂಗಿ ಉಳಿದಿದ್ದು ನೂರಕ್ಕೆ ಸುಮಾರು 13. ಒಂದು ಹೆಕ್ಟೇರಿಗೆ 9 ಲಕ್ಷ ಲೀಟರ್.

ಈ ಅಂಕಿಯೇ ನಿಮ್ಮ ಪ್ರಾಜೆಕ್ಟಿನ ತಿರುಳು. ಗಟ್ಟಿ ಕಲ್ಲಿನ ನೆಲದಲ್ಲಿ ಇದು ನೂರಕ್ಕೆ ಹತ್ತರ ಆಸುಪಾಸು ಇರುವುದು ಸಾಮಾನ್ಯ. 30, 40 ಬಂದರೆ ಖುಷಿ ಪಡುವ ಮೊದಲು ಕಾಲುವೆ, ಕೆರೆ, ಹೊಳೆ ಹತ್ತಿರ ಇದೆಯಾ ನೋಡಿ. 1ಕ್ಕಿಂತ ಕಡಿಮೆ ಬಂದರೆ ಮಳೆಗಾಲದಲ್ಲೂ ಪಂಪು ಓಡಿದೆಯಾ ಕೇಳಿ.

ಹೋಲಿಸುವಾಗ ಇನ್ನೊಂದು ತಪ್ಪು ಆಗುತ್ತದೆ. ಚೆಕ್ ಡ್ಯಾಮ್ ಹಳ್ಳದಲ್ಲಿ ಇರುತ್ತದೆ, ಅದರ ಹತ್ತಿರದ ಬಾವಿಯೂ ತಗ್ಗಿನಲ್ಲಿರುತ್ತದೆ. ತಗ್ಗಿನ ಬಾವಿಯಲ್ಲಿ ನೀರು ಮೊದಲಿಂದಲೂ ಮೇಲೆಯೇ ಇರುತ್ತದೆ. ಅದಕ್ಕೆ ಚೆಕ್ ಡ್ಯಾಮ್ ಕಾರಣ ಎನ್ನಲು ಬರುವುದಿಲ್ಲ. ಆಳ ಹೋಲಿಸಬೇಡಿ. ಏರಿಕೆ ಎಷ್ಟು, ಆಮೇಲೆ ಇಳಿಯಲು ಎಷ್ಟು ದಿನ, ಅದನ್ನು ಹೋಲಿಸಿ.

ಗ್ರಾಫ್ ಬರೆಯುವಾಗ ಸೊನ್ನೆ ಮೇಲೆ, ಆಳ ಕೆಳಗೆ ಬರಲಿ. ತಿರುಗಿ ಬರೆದರೆ ಬಾವಿ ಬತ್ತಿದಾಗ ಗೆರೆ ಮೇಲೇರುತ್ತದೆ, ಓದುವವರು ದಾರಿ ತಪ್ಪುತ್ತಾರೆ.

## 9. ಬರಹ

ಎಲ್ಲ ಅಳತೆ ಮುಗಿದ ಮೇಲೆ ಬರೆಯಲು ಕೂರಿ. ಮೊದಲ ಪುಟದಲ್ಲಿ ಪ್ರಶ್ನೆ ಮತ್ತು ಉತ್ತರ. ಆಮೇಲೆ ನಕ್ಷೆ, ಅಳತೆಯ ಕೋಷ್ಟಕ, ಗ್ರಾಫ್, ಜನರ ಮಾತು. ನೋಟ್‌ಬುಕ್ಕಿನ ಪುಟಗಳ ಫೋಟೊ ಕೊನೆಗೆ ಸೇರಿಸಿ, ಇದರಿಂದ ಪರೀಕ್ಷಕರಿಗೆ ನಂಬಿಕೆ ಬರುತ್ತದೆ. ಉತ್ತರ "ವ್ಯತ್ಯಾಸ ಕಾಣಲಿಲ್ಲ" ಎಂದು ಬಂದರೂ ಹಾಗೇ ಬರೆಯಿರಿ. ಹೂಳು ತುಂಬಿದ ಚೆಕ್ ಡ್ಯಾಮಿನಿಂದ ನೀರು ಇಂಗುತ್ತಿಲ್ಲ ಎಂದು ತಿಳಿಯುವುದು ಊರಿಗೆ ದೊಡ್ಡ ಉಪಕಾರ.

ನಿಮ್ಮ ತಾಲೂಕು ಸರ್ಕಾರಿ ಪಟ್ಟಿಯಲ್ಲಿ ಎಲ್ಲಿದೆ ಎಂದು ಒಂದು ಪ್ಯಾರಾ ಬರೆಯಬಹುದು. ವರ್ಷಕ್ಕೆ ಬಳಸಲು ಸಿಗುವ ಅಂತರ್ಜಲದಲ್ಲಿ ನೂರಕ್ಕೆ 70ರ ಒಳಗೆ ಎತ್ತಿದರೆ ಸುರಕ್ಷಿತ, 90 ದಾಟಿದರೆ ಗಂಭೀರ, 100 ದಾಟಿದರೆ ಅತಿ ಬಳಕೆ ಎಂದು ವಿಂಗಡಿಸುತ್ತಾರೆ. ಆದರೆ ಎಂಟು ಬಾವಿ ಅಳೆದು ಇಡೀ ತಾಲೂಕಿನ ಬಗ್ಗೆ ತೀರ್ಪು ಕೊಡಬೇಡಿ.

## 10. ಊರಿಗೂ ಕೊಡಿ, ಮುಂದಿನವರಿಗೂ ಬಿಡಿ

ಪ್ರತಿ ಮಾಲೀಕರಿಗೆ ಅವರ ಬಾವಿಯ ಅಂಕಿಗಳನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಡಿ, ಮೀಟರ್ ಪಕ್ಕದಲ್ಲಿ ಫೂಟಿನ ಲೆಕ್ಕವೂ ಇರಲಿ. ಪಂಚಾಯಿತಿಗೆ ಎರಡು ಪುಟದ ಸಾರಾಂಶ ಸಾಕು, ಅದರಲ್ಲಿ ಹೂಳೆತ್ತಬೇಕಾದ ಜಾಗದ ಸರ್ವೆ ನಂಬರ್ ಇರಬೇಕು. ಗ್ರಾಮ ಸಭೆಯ ದಿನ ಗೊತ್ತು ಮಾಡಿಕೊಂಡು ಅದಕ್ಕೂ ಮುಂಚೆ ತಲುಪಿಸಿ, ಆಮೇಲೆ ಕೊಟ್ಟರೆ ಆ ವರ್ಷದ ಕಾಮಗಾರಿ ಪಟ್ಟಿಗೆ ಸೇರುವುದಿಲ್ಲ.

ಕಾಲೇಜಿನಲ್ಲಿ ನೋಟ್‌ಬುಕ್, ಬಾವಿಗಳ ನಕ್ಷೆ, ಪೇಂಟ್ ಗುರುತಿನ ಫೋಟೊ, ನಟ್ಟು ಕಟ್ಟಿದ ಟೇಪು ಎಲ್ಲವನ್ನೂ ವಿಭಾಗದ ಒಂದೇ ಫೈಲು, ಒಂದೇ ಚೀಲದಲ್ಲಿ ಇಡಿ. ಮುಂದಿನ ಬ್ಯಾಚಿನ ಒಬ್ಬರನ್ನು ನವೆಂಬರಿನ ಅಳತೆಗೆ ಜೊತೆಗೆ ಕರೆದುಕೊಂಡು ಹೋಗಿ ಬಾವಿಗಳನ್ನೂ ಮಾಲೀಕರನ್ನೂ ಪರಿಚಯ ಮಾಡಿಸಿ. ಮುಂದಿನ ಮೇ ಕೊನೆಗೆ ಅವರು ಅದೇ ಬಾಣದ ಗುರುತಿನಿಂದ ಅಳೆದರೆ ಎರಡನೇ ವರ್ಷದ ಅಂಕಿ ಶುರುವಾಗುತ್ತದೆ.